ನನ್ನ ಕಾಯಿಲೆ ನಿಮ್ಮ ನೋಟಿಸ್ ಬೋರ್ಡ್ ಅಲ್ಲ



ಹೋದ ತಿಂಗಳು ಮೂರು ದಿನದ ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟೆ. ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಕನ್ನಡಕ ಏರಿಸಿಕೊಂಡು ಇಡೀ ಸೆಕ್ಷನ್‌ಗೆ ಕೇಳೋ ಹಾಗೆ ಓದಿದರು. "ಏನ್ರೀ, ಟಿಬಿನಾ?" ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕೆಳಗಿನ ಕ್ಯಾಂಟೀನಿಗೆ ಇಳಿದಿತ್ತು. ಮಾರನೇ ದಿನ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ಬಂತು, ನನಗೊಬ್ಬನಿಗೆ ಪೇಪರ್ ಕಪ್ಪಲ್ಲಿ.

ನಮ್ಮೂರ ಹೋಟೆಲಿನ ಹೊರಗಡೆ ಗೂಡಲ್ಲಿಟ್ಟಿದ್ದ ಲೋಟದಲ್ಲಿ ನಮ್ಮಪ್ಪ ಟೀ ಕುಡಿದು, ತಾನೇ ತೊಳೆದು, ಅಲ್ಲೇ ಇಟ್ಟು ಬರ್ತಿದ್ದ. ಮಗ ಬಿಎ ಓದಿದ, ಇಪ್ಪತ್ತು ವರ್ಷ ಫೈಲ್ ಹೊತ್ತ, ಬಂದು ನಿಂತಿದ್ದು ಅದೇ ಲೋಟದ ಮುಂದೆ. ಈಗ ಜಾತಿ ಅನ್ನೋ ಹಾಗಿಲ್ಲವಲ್ಲ, ಕಾಯಿಲೆ ಅಂತಾರೆ. ಅನುಕೂಲವಾಯ್ತು.

ನನಗಿರೋದು ಕತ್ತಿನ ಗಂಟಿನ ಟಿಬಿ. ಸಾಮಾನ್ಯವಾಗಿ ಇದು ಇನ್ನೊಬ್ಬರಿಗೆ ಹರಡಲ್ಲ. ಶ್ವಾಸಕೋಶದ ಟಿಬಿ ಕೂಡ ಲೋಟದಿಂದ ಹರಡಲ್ಲ. ನೋಡಿ, ಇದನ್ನೂ ನಾನೇ ಬಿಡಿಸಿ ಹೇಳಬೇಕಾಯ್ತು! ನಾನಾಗಿ ಹೇಳೋದು ಬೇರೆ, ನನ್ನ ಚೀಟಿ ಕಿತ್ತುಕೊಂಡು ಓದೋದು ಬೇರೆ.

"ಆಫೀಸಿಗೆ ಗೊತ್ತಾಗಬೇಡವಾ" ಅಂತ ಕೇಳೋರಿಗೆ: 2012ರಿಂದ ಟಿಬಿ ಪತ್ತೆಯಾದರೆ ಆಸ್ಪತ್ರೆಯವರು ತಿಳಿಸಬೇಕಾದ್ದು ಆರೋಗ್ಯ ಇಲಾಖೆಗೆ. ಸೂಪರಿಂಟೆಂಡೆಂಟಿಗಲ್ಲ, ಕ್ಯಾಂಟೀನಿಗಂತೂ ಅಲ್ಲ.

ನಮ್ಮ ಸೆಕ್ಷನ್ನಿನ ದೊಡ್ಡ ಜಾತಿಯವರೊಬ್ಬರು ವರ್ಷಕ್ಕೆ ಎಷ್ಟೋ ಸಲ "ವೈಯಕ್ತಿಕ ಕಾರಣ" ಅಂತ ಎರಡು ಪದ ಗೀಚಿ ಹೋಗ್ತಾರೆ. ಯಾವ ಕಾರಣ ಅಂತ ಒಬ್ಬರೂ ಕೇಳಿಲ್ಲ. ಅವರಿಗೆ ಸಂಜೆ ಏಳಕ್ಕೆ ಪ್ರೈವೇಟ್ ಡಾಕ್ಟರ್ ಇದ್ದಾರೆ, ಕೊಡೋಕೆ ಫೀಸಿದೆ. ನನ್ನಂಥವನಿಗೆ ಸರ್ಕಾರಿ ಆಸ್ಪತ್ರೆಯ ಓಪಿಡಿ. ಅದು ತೆರೆಯೋದು ನಾನು ಹಾಜರಿ ಹಾಕೋ ಹೊತ್ತಿಗೆ. ಏಳಕ್ಕೇ ಹೋಗಿ ಸಾಲಲ್ಲಿ ನಿಂತರೂ ಡಾಕ್ಟರ ಮುಂದೆ ಕೂರೋದು ಹನ್ನೊಂದಕ್ಕೆ, ರಕ್ತದ ರಿಪೋರ್ಟಿಗೆ ನಾಳೆ ಬಾ. ಹೀಗೆ ಒಂದು ಕಾಯಿಲೆಗೆ ನಾಲ್ಕು ಸಲ ಪರ್ಮಿಷನ್ ಬೇಡಬೇಕು, ನಾಲ್ಕು ಸಲವೂ ಕಾರಣ ಒಪ್ಪಿಸಬೇಕು. ಗುಟ್ಟು ಉಳಿಸಿಕೊಳ್ಳೋದೂ ದುಡ್ಡಿದ್ದವರ ಸೊತ್ತಾಗಿದೆ ಸ್ವಾಮಿ. ಇಷ್ಟರ ಮೇಲೆ ಬೆನ್ನ ಹಿಂದೆ ಮಾತು: "ಕೋಟಾದಲ್ಲಿ ಬಂದೋರು, ಬರೀ ರಜೆ." ನನ್ನ ಲೆಕ್ಕದ ರಜೆ ಇದು, ಯಾರಪ್ಪನ ಮನೆಯ ಗಂಟೂ ಅಲ್ಲ.

ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಕೇಸಿನಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಒಕ್ಕೊರಲಿನಿಂದ ಹೇಳಿದ್ದು. ಅದೇ ವರ್ಷದ ಎಚ್‌ಐವಿ ಕಾಯ್ದೆ, ಸೋಂಕಿತರ ಮಾಹಿತಿ ಕಾಪಾಡೋ ಹೊಣೆಯನ್ನ ಅದನ್ನ ಇಟ್ಟುಕೊಂಡವರ ಮೇಲೇ ಹಾಕಿದೆ. ಉಳಿದ ಕಾಯಿಲೆಯವರು ಏನು ಪಾಪ ಮಾಡಿದ್ದಾರೆ?

ಕೇಳ್ತಿರೋದು ದೊಡ್ಡದೇನಲ್ಲ. ಸರ್ಟಿಫಿಕೇಟ್ ಮುಚ್ಚಿದ ಲಕೋಟೆಯಲ್ಲಿ ಹೋಗಲಿ, ಮಂಜೂರು ಮಾಡೋ ಅಧಿಕಾರಿ ಒಬ್ಬರೇ ನೋಡಲಿ. ಸೆಕ್ಷನ್ನಿಗೆ ಎಷ್ಟು ದಿನ ಅನ್ನೋದು ಗೊತ್ತಾದರೆ ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯೋರಿಗೆ ಸಂಜೆ ಓಪಿಡಿ ಬೇಕು.

ಮೊನ್ನೆ ಇದನ್ನೆಲ್ಲ ಬರೆದು ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡಿದ್ದೇನೆ. ಟೀ ಮನೆಯಿಂದ ಫ್ಲಾಸ್ಕಲ್ಲಿ ತರೋದಿಲ್ಲ, ಅದನ್ನೂ ಹೇಳಿದ್ದೇನೆ. ಸ್ಟೀಲ್ ಲೋಟ ಬರೋವರೆಗೆ ಪೇಪರ್ ಕಪ್ಪು ಹಾಗೇ ವಾಪಸ್ ಹೋಗ್ತಿರುತ್ತೆ.

ಜೈಭೀಮ್.