ಕಂದಾಯಕ್ಕೆ ಗಡುವು, ಲೆಕ್ಕಕ್ಕೆ ಗಡುವಿಲ್ಲವೇ?

ಏಪ್ರಿಲ್ ತಿಂಗಳು ಹುಟ್ಟಿದರೆ ಸಾಕು, ಪೌರಸಭೆಯ ಆಟೋ ಬೀದಿಬೀದಿಯಲ್ಲಿ ಕೂಗುತ್ತ ಹೋಗುತ್ತದೆ: ಮನೆ ಕಂದಾಯ ಕಟ್ಟಿರಿ, ತಿಂಗಳೊಳಗೆ ಕಟ್ಟಿದವರಿಗೆ ನೂರಕ್ಕೆ 5ರಷ್ಟು ರಿಯಾಯಿತಿ! ಜೂನ್ ದಾಟಿತೋ, ತಿಂಗಳಿಗೆ ನೂರಕ್ಕೆ 2ರಂತೆ ದಂಡ. ನಾವು ಯಾವ ದಿನ ಹಣ ಕೊಡಬೇಕೆಂದು ತಿಳಿಸುವುದರಲ್ಲಿ ಅಧಿಕಾರಸ್ಥರು ಎಂದೂ ಆಲಸ್ಯ ಮಾಡಿದವರಲ್ಲ. ಆ ಹಣ ಎಲ್ಲಿ ಹೋಯಿತೆಂದು ಸಾರಲು ಬರುವ ಆಟೋವನ್ನು ಮಾತ್ರ ನಾವು ಈವರೆಗೆ ಕಂಡಿಲ್ಲ.

ಲೆಕ್ಕ ಕೇಳಹೋದರೆ ದೊಡ್ಡವರಿಂದ ಬರುವ ಉತ್ತರವೇನು? "ತೆರಿಗೆ ಕಟ್ಟುವವರು ನಾವು ನಾಲ್ಕು ಮಂದಿ, ನೀವೆಲ್ಲ ಪುಕ್ಕಟೆ ಉಣ್ಣುವವರು" ಎಂದು. ಇದು ಶುದ್ಧ ಸುಳ್ಳು. ಆದಾಯ ತೆರಿಗೆ ಕಟ್ಟದ ಗಿರಣಿ ಕಾರ್ಮಿಕನು ಸಾಬೂನು ಕೊಂಡರೂ ತೆರಿಗೆ, ಚಪ್ಪಲಿ ಕೊಂಡರೂ ತೆರಿಗೆ. ಮನೆ ಮಾಲೀಕನು ಕಟ್ಟುವ ಕಂದಾಯವೂ ಬಾಡಿಗೆಯ ರೂಪದಲ್ಲಿ ಅವನ ಕೂಲಿಯಿಂದಲೇ ಹೋಗುತ್ತದೆ. ಕೇಂದ್ರ ಸರ್ಕಾರದ 2025-26ರ ಬಜೆಟ್ಟನ್ನೇ ನೋಡಿರಿ. ಬೊಕ್ಕಸಕ್ಕೆ ಬರುವ ಪ್ರತಿ ರೂಪಾಯಿಯಲ್ಲಿ ಕಂಪೆನಿಗಳ ತೆರಿಗೆ 17 ಪೈಸೆ. ನಮ್ಮೆಲ್ಲರ ಕೊಳ್ಳುವಿಕೆಯ ಮೇಲೆ ಬೀಳುವ ಜಿಎಸ್‌ಟಿಯ ಬಾಬ್ತು 18 ಪೈಸೆ. ಕಂಪೆನಿಗಳಿಗೆ 2019ರಲ್ಲಿ ತೆರಿಗೆಯ ಮೂಲದರವನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿಕೊಳ್ಳುವ ದಾರಿ ತೆರೆದುಕೊಟ್ಟರು. ಅದನ್ನು ಪುಕ್ಕಟೆ ಎಂದು ಯಾರೂ ಕರೆಯಲಿಲ್ಲ.

ಖರ್ಚಿನ ಕಡೆ ನೋಡೋಣ. ಅದೇ ರೂಪಾಯಿಯಲ್ಲಿ ಸಾಲದ ಬಡ್ಡಿಗೆ 20 ಪೈಸೆ, ರಾಜ್ಯಗಳ ಪಾಲಿಗೆ 22 ಪೈಸೆ, ರಕ್ಷಣೆಗೆ 8 ಪೈಸೆ. ಪಡಿತರ, ಗೊಬ್ಬರ ಮೊದಲಾದ ದೊಡ್ಡ ಸಹಾಯಧನಗಳಿಗೆಲ್ಲ ಸೇರಿ 6 ಪೈಸೆ. ಬೊಕ್ಕಸ ಬರಿದಾಗುತ್ತಿರುವುದು ಬಡವನ ಅಕ್ಕಿಯಿಂದ ಎನ್ನುವವರು ಈ 20 ಮತ್ತು 6ರ ಅಂತರವನ್ನು ಮೊದಲು ವಿವರಿಸಲಿ.

ಇನ್ನು ನಮ್ಮ ಬೀದಿಗೆ ಬನ್ನಿರಿ. ಮನೆ ಕಂದಾಯದ ಚಲನ್ನಿನಲ್ಲಿ ಕಂದಾಯದ ಕೆಳಗೆ ಕರಗಳ ಪಟ್ಟಿಯಿರುತ್ತದೆ. 1,000 ರೂಪಾಯಿ ಕಂದಾಯವಾದರೆ ಆರೋಗ್ಯ ಕರ 150, ಗ್ರಂಥಾಲಯ ಕರ 60, ಭಿಕ್ಷುಕರ ಕರ 30. ಅಂದರೆ 240 ರೂಪಾಯಿ ಬೇರೆ. ಈ ಕರಗಳನ್ನು ನಿರ್ದಿಷ್ಟ ಕೆಲಸಗಳಿಗೆಂದೇ ಕಾಯಿದೆ ವಿಧಿಸಿದೆ. ಬೆಂಗಳೂರು ಮಹಾನಗರ ಪಾಲಿಕೆಯು ಜನರಿಂದ ವಸೂಲು ಮಾಡಿದ ಗ್ರಂಥಾಲಯ ಕರವನ್ನು ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಡದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿತ್ತು. ನಾವು ಬಾಕಿಯಿಟ್ಟರೆ ತಿಂಗಳು ತಿಂಗಳಿಗೆ ದಂಡ. ಅವರು ಬಾಕಿಯಿಟ್ಟರೆ?

ವರ್ತಕ ಬಾಂಧವರು 2025ರ ಜುಲೈಯನ್ನು ಮರೆತಿರಲಾರರು. ಯುಪಿಐ ಮೂಲಕ ಬಂದ ಹಣವನ್ನು ನೋಡಿ, ವರ್ಷಗಟ್ಟಲೆ ಸುಮ್ಮನಿದ್ದ ಇಲಾಖೆ ಹಿಂದಿನ ವರ್ಷಗಳ ತೆರಿಗೆಯನ್ನೆಲ್ಲ ಒಮ್ಮೆಗೇ ಕೇಳಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರಿಗೂ ನೋಟೀಸು! ವ್ಯಾಪಾರಿಗಳು ಒಂದಾಗಿ ದನಿಯೆತ್ತಿದ ಮೇಲೆಯೇ, ಜುಲೈ 23ರಂದು, ಹಳೆಯ ಬಾಕಿಯನ್ನು ಕೇಳುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದರು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ನೋಂದಣಿಯಾಗಬೇಕು. ಒಂದೂವರೆ ಕೋಟಿಯೊಳಗಿನ ಅಂಗಡಿಯವನು ರಾಜಿ ತೆರಿಗೆ ಪದ್ಧತಿಗೆ ಸೇರಿ, ನೂರಕ್ಕೆ 1ರಂತೆ ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಕಟ್ಟಬಹುದು. ಇಷ್ಟನ್ನು ಅಂಗಡಿ ಅಂಗಡಿಗೆ ಮೊದಲೇ ತಿಳಿಸಿದ್ದರೆ ಆ ಗೋಳು ಎಷ್ಟೋ ತಪ್ಪುತ್ತಿತ್ತು. ತಿಳಿಸುವ ಕೆಲಸಕ್ಕೆ ಗಡುವಿರಲಿಲ್ಲ. ನೋಟೀಸಿಗೆ ಮಾತ್ರ ಇತ್ತು.

ನಾವು ತೆರಿಗೆಯ ವಿರೋಧಿಗಳಲ್ಲ. ನಲ್ಲಿ, ಚರಂಡಿ, ಶಾಲೆ, ಆಸ್ಪತ್ರೆ ಆಕಾಶದಿಂದ ಉದುರುವುದಿಲ್ಲ. ನಾವು ಹೇಳುವುದಿಷ್ಟೆ: ಹಣಕ್ಕೆ ಗಡುವಿದ್ದಂತೆ ಲೆಕ್ಕಕ್ಕೂ ಗಡುವಿರಬೇಕು. ಆ ಗಡುವು ಕಾಯಿದೆಯಲ್ಲಿ ಈಗಾಗಲೇ ಇದೆ! 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತೂ ಇಲ್ಲ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಮಾಹಿತಿ ಆಯೋಗವು ದಿನಕ್ಕೆ 250 ರೂಪಾಯಿಯಂತೆ, 25,000ದವರೆಗೆ ದಂಡ ಹಾಕಬಹುದು. ನಮಗೆ ಬೀಳುವ ದಂಡವನ್ನು ಆಟೋದಲ್ಲಿ ಸಾರುತ್ತಾರೆ. ಅವರಿಗೆ ಬೀಳಬಹುದಾದ ದಂಡವನ್ನು ಯಾರೂ ಸಾರುವುದಿಲ್ಲ. ಆದುದರಿಂದ ನಾವೇ ಸಾರಬೇಕಾಗಿದೆ.

ಮಾಡಬೇಕಾದ ಕೆಲಸ ಸಣ್ಣದು. ಕೈಯಲ್ಲಿ ಹಣವಿದ್ದವರು ಏಪ್ರಿಲ್‌ನಲ್ಲೇ ಕಟ್ಟಿ 5ರ ರಿಯಾಯಿತಿ ಪಡೆಯಿರಿ, ರಸೀತಿ ಜೋಪಾನವಾಗಿಡಿ. ಮೇ ತಿಂಗಳಲ್ಲಿ ಪ್ರತಿ ಕಾರ್ಮಿಕ ಸಂಘ, ಪ್ರತಿ ವರ್ತಕರ ಸಂಘ ತನ್ನ ಸದಸ್ಯರಿಂದ ಒಂದೊಂದು ಅರ್ಜಿ ಹಾಕಿಸಲಿ. ಒಂದು ಅರ್ಜಿಗೆ ಒಂದೇ ವಿಷಯ: ಹಿಂದಿನ ವರ್ಷ ವಸೂಲಾದ ಗ್ರಂಥಾಲಯ ಕರವೆಷ್ಟು, ಇಲಾಖೆಗೆ ಸಂದಾಯವಾದದ್ದೆಷ್ಟು? ನಮ್ಮ ವಾರ್ಡಿನ ಚರಂಡಿಗೆ ಬಿಲ್ಲಾದದ್ದೆಷ್ಟು? ಬಂದ ಉತ್ತರವನ್ನು ಗಿರಣಿಯ ಗೇಟಿನಲ್ಲಿ, ಸಂತೆಯ ಕಟ್ಟೆಯಲ್ಲಿ ಗಟ್ಟಿಯಾಗಿ ಓದಿರಿ. ಉತ್ತರ ಬಾರದಿದ್ದರೆ ಮೂವತ್ತೊಂದನೆಯ ದಿನ ಎಲ್ಲರೂ ಕೂಡಿ ಪೌರಸಭೆಯ ಬಾಗಿಲಿಗೆ ಹೋಗೋಣ. ಮೇಲ್ಮನವಿಯ ಕಾಗದವನ್ನು ಬರೆದುಕೊಂಡೇ ಹೋಗೋಣ.