ಉತ್ತರವಷ್ಟೇ ಸಾಲದು, ಲೆಕ್ಕವನ್ನೂ ತೋರಿಸಿರಿ

ಚುನಾವಣೆಯ ಫಲಿತಾಂಶ ಹೊರಬಿದ್ದೊಡನೆ ಈಗ ಎರಡು ಕೂಗುಗಳೇಳುತ್ತವೆ. ಸೋತವನು "ಎಲ್ಲವೂ ಮೋಸ" ಎನ್ನುತ್ತಾನೆ. ಗೆದ್ದವನು "ಶಂಕಿಸುವವನು ದೇಶದ್ರೋಹಿ" ಎನ್ನುತ್ತಾನೆ. ಮುಂದಿನ ಸಲ ಸ್ಥಾನ ಬದಲಾದರೆ ಕೂಗೂ ಬದಲಾಗುತ್ತದೆ. ಈ ಎರಡು ಅತಿರೇಕಗಳು ಮೇಲ್ನೋಟಕ್ಕೆ ವೈರಿಗಳು. ಆದರೆ ಮತದಾರನ ಕೈಗೆ ಲೆಕ್ಕ ಸಿಗದಂತೆ ಮಾಡುವುದರಲ್ಲಿ ಇಬ್ಬರೂ ಪಾಲುದಾರರು.

ನವನಗರದ ಜನತೆಗೆ ಸರಕಾರಿ ಪಟ್ಟಿಯ ಮಹಿಮೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಟ್ಟು ಹಳೆಯ ಬಾಗಲಕೋಟೆಯಿಂದ ಬಂದವರು ಇಲ್ಲಿದ್ದಾರೆ. ಮುಳುಗಡೆಯ ಪಟ್ಟಿಯಲ್ಲಿ ಹೆಸರಿದ್ದವನಿಗೆ ಪರಿಹಾರ. ಹೆಸರು ತಪ್ಪಿದವನಿಗೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಮತದಾರರ ಪಟ್ಟಿಯೂ ಅಂಥದೇ. 2018ರಲ್ಲಿ ನಮ್ಮ ಬಾದಾಮಿಯಲ್ಲಿ ಸಿದ್ದರಾಮಯ್ಯನವರು ಶ್ರೀರಾಮುಲು ಅವರನ್ನು ಸೋಲಿಸಿದ್ದು 1,696 ಮತಗಳಿಂದ. 2023ರಲ್ಲಿ ಬೆಂಗಳೂರಿನ ಜಯನಗರವನ್ನು ತೀರ್ಮಾನಿಸಿದ್ದು 16 ಮತಗಳು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತ!

ಈಗ ಕಲಬುರಗಿ ಜಿಲ್ಲೆಯ ಆಳಂದವನ್ನು ನೋಡಿರಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಬಂದವು. ಸ್ಥಳ ಪರಿಶೀಲನೆಯಲ್ಲಿ ಸರಿಯೆಂದು ಕಂಡವು ಕೇವಲ 24. ಉಳಿದ 5,994 ತಿರಸ್ಕೃತವಾದವು. ಮೋಸವೇ ಇಲ್ಲವೆನ್ನುವವರಿಗೂ ಎಲ್ಲವೂ ಮೋಸವೆನ್ನುವವರಿಗೂ ಇದೇ ಉತ್ತರ. ಯತ್ನ ನಡೆದದ್ದು ನಿಜ. ಹೋಗಿ ವಿಚಾರಿಸಿದಾಗ ಅದು ಸಿಕ್ಕಿಬಿದ್ದದ್ದೂ ನಿಜ. ಆದರೆ ಮೊಕದ್ದಮೆ ದಾಖಲಾದದ್ದು 2023ರಲ್ಲಿ, ವಿಶೇಷ ತನಿಖಾ ದಳ ರಚನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಇಷ್ಟು ವಿಳಂಬವಾದರೆ ಜನ ಶಂಕಿಸದೆ ಇನ್ನೇನು ಮಾಡಿಯಾರು?

ಚುನಾವಣಾ ಆಯೋಗದ ನಡತೆಯೂ ಶಂಕೆಗೆ ಗೊಬ್ಬರ ಹಾಕಿದೆ. ಚುನಾವಣಾ ದಾವೆ ಇಲ್ಲದಿದ್ದರೆ ಮತಗಟ್ಟೆಯ ಕ್ಯಾಮೆರಾ ಚಿತ್ರಗಳನ್ನು 45 ದಿನಗಳ ನಂತರ ನಾಶಮಾಡಬಹುದೆಂದು 2025ರ ಮೇ ತಿಂಗಳಲ್ಲಿ ಅದು ಸೂಚಿಸಿತು. ಆಗಸ್ಟಿನಲ್ಲಿ ರಾಹುಲ್ ಗಾಂಧಿಯವರು ಮಹದೇವಪುರದಲ್ಲಿ 1,00,250 ಮತಗಳು ಕಳವಾಗಿವೆಯೆಂದು ಆರೋಪಿಸಿದಾಗ, ಪ್ರಮಾಣಪತ್ರಕ್ಕೆ ಸಹಿ ಹಾಕಿರೆಂದಿತು. ಬಿಹಾರದ ಕರಡು ಪಟ್ಟಿಯಲ್ಲಿ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಲು ಸುಪ್ರೀಂ ಕೋರ್ಟೇ ಆಜ್ಞಾಪಿಸಬೇಕಾಯಿತು. ಕಾರಣ ಹೇಳಲು ಕೋರ್ಟಿನ ಕಟ್ಟಪ್ಪಣೆ ಬೇಕೆ?

ಹಾಗೆಂದು ಪುರಾವೆಯಿಲ್ಲದೆ ಬೊಬ್ಬೆ ಹಾಕುವವರನ್ನು ನಾವು ಬೆಂಬಲಿಸಲಾರೆವು. ಅಮೇರಿಕದಲ್ಲಿ 2020ರ ಸೋಲನ್ನೊಪ್ಪದ ಟ್ರಂಪ್ ಹಾಗೂ ಅವರ ಬೆಂಬಲಿಗರು 60ಕ್ಕೂ ಹೆಚ್ಚು ದಾವೆ ಹೂಡಿ ಬಹುತೇಕ ಎಲ್ಲವನ್ನೂ ಸೋತರು. ಆಮೇಲೆ 2021ರ ಜನವರಿ 6ರಂದು ಗುಂಪು ಸಂಸತ್ ಭವನಕ್ಕೇ ನುಗ್ಗಿತು. "ಎಲ್ಲವೂ ಮೋಸ" ಎಂದು ನಂಬಿದ ಬಡವನು ಕೊನೆಗೆ ಮತಗಟ್ಟೆಗೇ ಹೋಗುವುದಿಲ್ಲ. ಅವನು ಮನೆಯಲ್ಲಿ ಕುಳಿತರೆ ಲಾಭ ಯಾರಿಗೆ? ಹಣ ಚೆಲ್ಲಿ ಮತ ಕೊಳ್ಳುವ ಧಣಿಗಳಿಗೆ.

ಶಾಲೆಯಲ್ಲಿ ಹುಡುಗನು ಬರೀ ಉತ್ತರ ಬರೆದರೆ ಮಾಸ್ತರನು ಪೂರ್ಣ ಅಂಕ ಕೊಡುವುದಿಲ್ಲ. ಲೆಕ್ಕ ಮಾಡಿದ ಬಗೆಯನ್ನು ಕೇಳುತ್ತಾನೆ. ಆಯೋಗಕ್ಕೂ ಅದೇ ನ್ಯಾಯ. ತೆಗೆದ ಪ್ರತಿ ಹೆಸರನ್ನೂ ಕಾರಣಸಹಿತ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಕಂಪ್ಯೂಟರಿನಲ್ಲಿ ಹುಡುಕಲು ಬರುವಂತೆ ಪಟ್ಟಿ ಕೊಡಲಿ. ಕ್ಯಾಮೆರಾ ಚಿತ್ರಗಳನ್ನು ಕಾಪಾಡಲಿ.

ನಮ್ಮ ಪಾಲಿನ ಕೆಲಸವೂ ಉಂಟು. ಮತದಾನ ಮುಗಿದ ಮೇಲೆ ಒಟ್ಟು ಮತಗಳ ಲೆಕ್ಕವನ್ನು 17ಸಿ ನಮೂನೆಯಲ್ಲಿ ಬರೆದು, ಹಾಜರಿದ್ದ ಏಜೆಂಟರಿಗೆ ಪ್ರತಿ ಕೊಡಬೇಕೆಂದು ನಿಯಮವಿದೆ. ಉಮೇದುವಾರರ ಏಜೆಂಟರು ಊಟಕ್ಕೆದ್ದು ಹೋಗದೆ ಕೊನೆಯವರೆಗೆ ಕುಳಿತು ಅದನ್ನು ಪಡೆಯಲಿ, ಎಣಿಕೆಯ ದಿನ ತಾಳೆ ನೋಡಲಿ. ಬಾದಾಮಿ, ಹುನಗುಂದ, ಇಳಕಲ್ಲಿನ ಓದುಗರೇ, ಕರಡು ಪಟ್ಟಿ ಬಂದೊಡನೆ ಅದನ್ನು ಓಣಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸಿರಿ. ಓದು ಬಾರದ ನೇಕಾರನಿಗೂ ಕೂಲಿಕಾರಳಿಗೂ ತಮ್ಮ ಹೆಸರು ಕಿವಿಗೆ ಬೀಳಲಿ. ಬೀಳದಿದ್ದರೆ ಅಂದೇ ಅರ್ಜಿ ಬರೆಯಿರಿ.