‘ಹೆದರಬೇಡಿ’ ಎಂದರೆ ಸಾಕೇ?

‘ಕೊರೊನಾಕ್ಕಿಂತ ಅದರ ಅಂಜಿಕೆಗೇ ಸತ್ತವರು ಹೆಚ್ಚು’ ಎಂಬ ಮಾತು ಗದಗ ತಾಲೂಕಿನ ಹಿರೇಹಂದಿಗೋಳದಂಥ ಊರುಗಳ ಕಟ್ಟೆಯಿಂದ ಬೆಂಗಳೂರಿನ ವೇದಿಕೆಗಳವರೆಗೆ ಇಂದಿಗೂ ಓಡಾಡುತ್ತಿದೆ. ಕೇಳಲು ಹಿತವೇ, ಆದರೆ ಅದು ಸತ್ತವನ ಮೇಲೇ ತಪ್ಪು ಹೊರಿಸುತ್ತದೆ. ಅಂಜಿಕೆಯೆಂದರೆ ಎದೆಗಾರಿಕೆಯ ಕೊರತೆ ಎಂದುಕೊಂಡರೆ ಅದಕ್ಕೆ ಉಪದೇಶವೊಂದೇ ಮದ್ದು. ಆದರೆ ಸಾಂಕ್ರಾಮಿಕದ ದಿನಗಳ ಆತಂಕ ಹುಟ್ಟುವುದು ಬಹುಮಟ್ಟಿಗೆ ಏನಾಗುವುದೋ ತಿಳಿಯದ್ದರಿಂದ, ಏನು ಮಾಡಲೂ ತೋಚದ್ದರಿಂದ, ನಾಲ್ಕು ಜನರೆದುರು ತಲೆ ತಗ್ಗಿಸಬೇಕಾಗುವ ಅವಮಾನದಿಂದ. ಇವನ್ನು ಹೆಚ್ಚಿಸುವುದೂ ತಗ್ಗಿಸುವುದೂ ಆಡಳಿತದ ಕೈಯಲ್ಲಿದೆ.

ಹಿಂದಿನದೊಂದು ಸಾಂಕ್ರಾಮಿಕದ ಜೊತೆ ಹೋಲಿಸಿ ನೋಡಿ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿತು. ಆ ಕಾಲದಲ್ಲಿ ಜಂತಿಯಿಂದ ಇಲಿ ಬಿದ್ದು ಸತ್ತರೆ ‘ಇಲಿ ಬಿತ್ತು’ ಎಂಬ ಸುದ್ದಿ ಓಣಿಯಿಂದ ಓಣಿಗೆ ಹಾಯುತ್ತಿತ್ತು. ಕಾಳಿನ ಚೀಲ, ಹಾಸಿಗೆ, ದನಕರು ಸಮೇತ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸಾವು ಕೋವಿಡ್‌ಗಿಂತ ಘೋರವಾಗಿತ್ತು, ಭಯವೂ ಸಣ್ಣದಲ್ಲ. ಆದರೂ ಅಪಾಯಕ್ಕೊಂದು ಗುರುತಿತ್ತು, ಕೈಗೊಂದು ಕೆಲಸವಿತ್ತು, ಪಕ್ಕದಲ್ಲೇ ನೆರೆಯವರ ಗುಡಿಸಲಿತ್ತು. 2020ರಲ್ಲಿ ಇಲಿ ಬೀಳಲಿಲ್ಲ. ಎದುರಿಗಿದ್ದವನ ಉಸಿರೇ ಶಂಕೆಯಾಯಿತು. ಲಂಡನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಅದರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಮಗುಚುವ ಕಲ್ಲಿನಡಿ ಹಾವಿದ್ದರೆ ಕೈಗೆ ನೋವಾಗುವಷ್ಟು ಕರೆಂಟು ಹೊಡೆಯುತ್ತಿತ್ತು. ಹೊಡೆದೇ ಹೊಡೆಯುತ್ತದೆ ಎಂದು ಗೊತ್ತಿದ್ದಾಗಿನದಕ್ಕಿಂತ, ಹೊಡೆಯುವುದೋ ಇಲ್ಲವೋ ಸಮಪಾಲು ಎಂದಿದ್ದಾಗಲೇ ಜನ ಹೆಚ್ಚು ಬೆವರಿದರು. ಕೆಮ್ಮೊಂದು ಬಂದು, ವರದಿಗಾಗಿ ದಿನಗಟ್ಟಲೆ ಕಾದ ಮನೆಗಳಲ್ಲಿ ಆ ಕಲ್ಲು ಪ್ರತಿ ಗಂಟೆಗೂ ಮಗುಚುತ್ತಿತ್ತು.

ಅದರ ಮೇಲೆ ಅವಮಾನ. ಕ್ವಾರಂಟೈನಿನವರ ಕೈಗೆ ಮುದ್ರೆ, ಬಾಗಿಲಿಗೆ ನೋಟಿಸು. ರೋಗ ತಡೆಯಲೆಂದು ಮಾಡಿದ್ದೇ ಇರಬಹುದು, ಆದರೆ ಬಾಗಿಲ ಮೇಲಿನ ಆ ಕಾಗದವನ್ನು ಇಡೀ ಓಣಿ ಓದಿತು. ಅಂಥ ಕಾಗದಕ್ಕೆ ಹೆದರಿದವನು ಜ್ವರವನ್ನು ಮುಚ್ಚಿಟ್ಟರೆ ಅಚ್ಚರಿಯೇನು? ಟಿವಿಯಂತೂ ದಿನವಿಡೀ ಸಾವಿನ ಎಣಿಕೆ ಉರುಳಿಸುತ್ತಿತ್ತು. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಮೇಲಿನ ಅಧ್ಯಯನದಲ್ಲಿ, ಆ ಸುದ್ದಿಯನ್ನು ದಿನಕ್ಕೆ ಆರು ಗಂಟೆ ಇಲ್ಲವೇ ಹೆಚ್ಚು ಹೊತ್ತು ನೋಡಿದವರು ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ತಳಮಳ ಅನುಭವಿಸಿದ್ದು ಕಂಡುಬಂದಿತ್ತು. ಹಳ್ಳಿಯವರು ಓದಿಲ್ಲ, ಅದಕ್ಕೇ ಹೆದರಿದರು ಎನ್ನುವವರು 2021ರ ಬೇಸಿಗೆಯಲ್ಲಿ ಓದಿದವರ ಬೆಂಗಳೂರೂ ಹೇಗೆ ನಡುಗಿತ್ತೆಂದು ನೆನೆದರೆ ಸಾಕು.

ಒಂದು ಆಕ್ಷೇಪವನ್ನು ಮಾತ್ರ ಗೌರವದಿಂದ ಕೇಳಬೇಕು: ಆಡಳಿತ ನಿಜವನ್ನೆಲ್ಲ ಹೇಳಿಬಿಟ್ಟರೆ ಜನ ಕಂಗಾಲಾಗಿ ಓಡುವುದಿಲ್ಲವೇ? 1994ರಲ್ಲಿ ಪ್ಲೇಗಿನ ಸುದ್ದಿಗೆ ಸೂರತ್ತಿನಿಂದ ಲಕ್ಷಾಂತರ ಜನ ಓಡಿದ್ದು ಸುಳ್ಳಲ್ಲ. ಆದರೆ ಅಲ್ಲಿ ಜನರನ್ನು ಓಡಿಸಿದ್ದರಲ್ಲಿ ಗಾಳಿಸುದ್ದಿಯ ಪಾಲು ದೊಡ್ಡದು; ನಂಬಬಹುದಾದ ಮಾತು ಸಿಗದ ಕಡೆಯೇ ಅದು ಬೆಳೆಯುವುದು. ಸ್ವಭಾವತಃ ಬೇಗ ಕಳವಳಪಡುವವರೂ ಇದ್ದಾರೆ, ಒಪ್ಪುತ್ತೇನೆ. ಅವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, 2022ರಿಂದ. ಆದರೆ 2021ರ ಮೇ ತಿಂಗಳಲ್ಲಿ ಆಮ್ಲಜನಕದ ಅಭಾವದ ನಡುವೆ ಚಾಮರಾಜನಗರದಲ್ಲಿ ಒಂದೇ ದಿನ 24 ಮಂದಿ ಸತ್ತರೆಂದು ಕೇಳಿ ನಡುಗಿದ್ದು ಮನೋರೋಗವಲ್ಲ, ವಿವೇಕ. ಮುಂದಿನ ಸಲ ಪಂಚಾಯಿತಿ ಗೋಡೆಗೆ ‘ಹೆದರಬೇಡಿ’ ಎಂದು ಬರೆಸುವ ಮೊದಲು, ಗದಗಿನಲ್ಲಿ ಇವತ್ತು ಎಷ್ಟು ಹಾಸಿಗೆ ಖಾಲಿ ಇವೆ, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ವರದಿ ಯಾವಾಗ ಕೈಸೇರುತ್ತದೆ ಎಂಬುದನ್ನು ಬರೆಸಲಿ.